ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂತರೆ ಚರ್ಮದ ಕ್ಯಾನ್ಸರ್ ವಾಸಿಯಾಗುತ್ತಾ? 800 ವರ್ಷ ಹಿಂದಿನ ಇಬ್ನ್ ಅಲ್-ಬೈತಾರ್ ಕಥೆ ಓದಿ

ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂತರೆ ತೊನ್ನು ಹೋಗುತ್ತದೆ, ಚರ್ಮದ ಕ್ಯಾನ್ಸರ್ ಕೂಡ ವಾಸಿಯಾಗುತ್ತದೆ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ದಿನವಿಡೀ ಬಿಸಿಲಲ್ಲಿ ದುಡಿಯುವವರು ಇದನ್ನು ನಂಬಿದರೆ ಮೈ ಸುಟ್ಟುಕೊಳ್ಳುತ್ತಾರೆ. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇಬ್ನ್ ಅಲ್-ಬೈತಾರ್ ಹುಟ್ಟಿದ್ದು 1197ರ ಸುಮಾರಿಗೆ, ಸ್ಪೇನಿನ ಮಾಲಗಾದಲ್ಲಿ. ಹೆಸರಿನ ಅರ್ಥ, ಪಶುವೈದ್ಯನ ಮಗ. ಸೆವಿಲ್‌ನಲ್ಲಿ ಗುರುವಿನ ಜೊತೆ ಸುತ್ತಾಡಿ ಗಿಡ ಗುರುತಿಸಲು ಕಲಿತರು. 1220ರ ಸುಮಾರಿಗೆ ಊರು ಬಿಟ್ಟು ಉತ್ತರ ಆಫ್ರಿಕಾ ದಾಟಿ ಹೋದರು. ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್ ಅವರನ್ನು ಗಿಡಮೂಲಿಕೆಗಳ ಮುಖ್ಯಸ್ಥರನ್ನಾಗಿ ನೇಮಿಸಿದ. ಸುಮಾರು 1,400 ಔಷಧಿ ಮತ್ತು ಆಹಾರ ಪದಾರ್ಥಗಳ ಬಗ್ಗೆ ಬರೆದಿಟ್ಟ ಅವರು 1248ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡರು.

ಆ ಗ್ರಂಥದಲ್ಲಿ ಉತ್ತರ ಆಫ್ರಿಕಾದ ಬುಡಕಟ್ಟಿನವರ ಒಂದು ಔಷಧಿಯೂ ಇದೆ. ಕೊತ್ತಂಬರಿ ಕುಟುಂಬದ ಒಂದು ಗಿಡದ ಬೀಜ ತಿನ್ನಿಸಿ, ತೊನ್ನು ಇರುವ ಜಾಗವನ್ನು ಬಿಸಿಲಿಗೆ ಒಡ್ಡುತ್ತಿದ್ದರು. ಬೀಜ ಮತ್ತು ಬಿಸಿಲು ಎರಡೂ ಬೇಕು ಎಂಬುದನ್ನು ಅವರು ದಾಖಲಿಸಿದ್ದೇ ಮುಖ್ಯ.

ಕಾರಣ ಗೊತ್ತಾಗಲು ಏಳು ಶತಮಾನ ಬೇಕಾಯಿತು. 1933ರಲ್ಲಿ ಬೆಂಗಳೂರಿನ ರಸಾಯನ ವಿಜ್ಞಾನಿಗಳಾದ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ನಮ್ಮ ಬಾವಂಚಿ ಬೀಜದಿಂದ ಸೋರಾಲೆನ್ ಬೇರ್ಪಡಿಸಿದರು. 1940ರ ದಶಕದಲ್ಲಿ ಈಜಿಪ್ಟಿನ ವಿಜ್ಞಾನಿಗಳು ಆ ಆಫ್ರಿಕಾದ ಗಿಡದಿಂದ ಇದೇ ಗುಂಪಿನ ಮೆಥಾಕ್ಸಲೆನ್ ತೆಗೆದರು.

ಇವು ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ಸೇರಿಕೊಳ್ಳುತ್ತವೆ. ಯುವಿ-ಎ ಬೆಳಕು ಬಿದ್ದಾಗ ಎಳೆಗಳನ್ನು ಒಂದಕ್ಕೊಂದು ಹೊಲಿದಂತೆ ಕಟ್ಟಿಹಾಕುತ್ತವೆ. ಆಗ ಕೋಶ ಹೆಚ್ಚಲಾರದು, ಸಾಯುತ್ತದೆ. 1970ರ ದಶಕದಿಂದ ವೈದ್ಯರು ಈ ವಿಧಾನವನ್ನು ಸೋರಿಯಾಸಿಸ್‌ಗೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್‌ಗೆ ಬಳಸುತ್ತಿದ್ದಾರೆ.

ಹಾಗಾದರೆ ಮೆಸೇಜ್ ನಿಜವೇ? ಅಲ್ಲ. ಇದು ಎಲ್ಲ ಚರ್ಮದ ಕ್ಯಾನ್ಸರ್‌ಗೂ ಮದ್ದಲ್ಲ, ಮೆಲನೋಮಾಕ್ಕಂತೂ ಅಲ್ಲವೇ ಅಲ್ಲ. ಆಸ್ಪತ್ರೆಯಲ್ಲಿ ಔಷಧಿಯನ್ನೂ ಬೆಳಕನ್ನೂ ಅಳೆದು ಕೊಡುತ್ತಾರೆ, ಕಣ್ಣಿಗೆ ಕನ್ನಡಕ ಹಾಕಿಸುತ್ತಾರೆ. ಸೂರ್ಯನಿಗೆ ಅಳತೆ ಇಲ್ಲ. ಬಾವಂಚಿ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಆಸ್ಪತ್ರೆಯಲ್ಲೇ ಈ ಚಿಕಿತ್ಸೆಯನ್ನು ಬಹಳ ಸಲ ಪಡೆದವರಲ್ಲಿ ಬೇರೆ ಬಗೆಯ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚುವುದೂ ಕಂಡಿದೆ.

ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಾದರೆ, ಹುಣ್ಣು ಮಾಯದಿದ್ದರೆ ಗ್ರಂಥಿಗೆ ಅಂಗಡಿಗಲ್ಲ, ಚರ್ಮದ ಡಾಕ್ಟರ ಬಳಿ ಹೋಗಿ. ಆ ಮೆಸೇಜ್ ಕಳಿಸಿದವರಿಗೆ ಇದನ್ನು ಕಳಿಸಿ.