ಪಂಡಿತಾ ರಮಾಬಾಯಿಯವರ ಮೊದಲನೆಯ ಪಾಠಶಾಲೆ

ಪಂಡಿತಾ ರಮಾಬಾಯಿಯವರು 1858ನೆಯ ಇಸವಿ ಎಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿ, ಜನರ ನಿಂದೆಗೆ ಗುರಿಯಾಗಿ, ಆ ಕಾಡನ್ನು ಸೇರಿದ್ದರು. ಮಗುವಿಗೆ ಆರು ತಿಂಗಳಾದಾಗ ಕುಟುಂಬವು ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟ ಇಳಿದನು. ಹೊಲದ ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿ ಕಳೆ ತೆಗೆಯುವ ನಮ್ಮ ಬೈಲಹೊಂಗಲ, ಸವದತ್ತಿಗಳ ತಾಯಂದಿರಿಗೆ ಇದೇನೂ ಸೋಜಿಗವೆನಿಸಲಾರದು.

ಬಾಲಕಿಗೆ ಎಂಟು ವರ್ಷವಾಗುವಷ್ಟರಲ್ಲಿ ತಂದೆಯವರು ವೃದ್ಧರಾಗಿದ್ದರು. ಆದುದರಿಂದ ತಾಯಿ ಲಕ್ಷ್ಮೀಬಾಯಿಯವರೇ ಪಾಠಕ್ಕೆ ನಿಂತರು. ಬೆಳಕು ಹರಿಯುವ ಮುನ್ನ ನಿದ್ದೆಗಣ್ಣಿನ ಮಗಳನ್ನು ಮುದ್ದುಮಾತಿನಿಂದ ಎಬ್ಬಿಸಿ, ತೋಳಿನಲ್ಲಿ ಅಪ್ಪಿಕೊಂಡು, ಹಕ್ಕಿಗಳ ಕಲರವದ ನಡುವೆ ಕಲಿಸುತ್ತಿದ್ದರು. ಕೈಯಲ್ಲಿ ಪುಸ್ತಕವಿರಲಿಲ್ಲ, ತಾಯಿ ಹೇಳಿದುದನ್ನು ಮಗಳು ಹೇಳುವುದು, ಅಷ್ಟೇ.

1874ರಲ್ಲಿ ಬರಗಾಲದ ಹಸಿವಿಗೆ ತಾಯಿತಂದೆಗಳು ತೀರಿಕೊಂಡರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ಪತಿಯೂ ಮರಣ ಹೊಂದಲು, ಕಂಕುಳಲ್ಲಿ ಎಳೆಯ ಮನೋರಮೆ ಮಾತ್ರ ಉಳಿದಳು.

1886ರಲ್ಲಿ ಅಮೇರಿಕೆಗೆ ಹೋದ ರಮಾಬಾಯಿಯವರು ಅಲ್ಲಿ ಫ್ರೋಬೆಲ್ಲರ ಕಿಂಡರ್‌ಗಾರ್ಟನ್ ಪದ್ಧತಿಯ ವರ್ಗಕ್ಕೆ ವಿದ್ಯಾರ್ಥಿನಿಯಾಗಿ ಸೇರಿದರು. ಸಂಸ್ಕೃತದ ಪಂಡಿತೆಯು ಉಣ್ಣೆಯ ಚೆಂಡು, ಕಟ್ಟಿಗೆಯ ಗುಂಡುಗಳಿಂದ ಕೂಸುಗಳಿಗೆ ಹೇಗೆ ಕಲಿಸಬೇಕೆಂಬುದನ್ನು ಅರಿಯಲು ಕುಳಿತರಲ್ಲಾ! ನನಗಂತೂ ಕಲಕತ್ತೆಯ ಬಿರುದುಗಳಿಗಿಂತ ಇದೇ ಹಿರಿದಾಗಿ ತೋರುತ್ತದೆ. ಹಿಂದಿರುಗಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಾಗ ಈ ಪದ್ಧತಿಯನ್ನೂ ಅಲ್ಲಿಗೆ ತಂದರು. ಮುಂದೆ ಬರಗಾಲಗಳು ಬಂದಾಗ, ತಾವೇ ಹಸಿವನ್ನು ಕಂಡಿದ್ದ ಆಕೆಯು ನೂರಾರು ಅನಾಥ ಬಾಲಕಿಯರನ್ನು ಪುಣೆಯ ಬಳಿಯ ಕೇಡಗಾಂವಕ್ಕೆ ಕರೆತಂದು ಸಲಹಿದರು.

ಮನೋರಮೆಯು 1921ರಲ್ಲಿ ತೀರಿಕೊಂಡಳು; ತಾಯಿ 1922ರ ಎಪ್ರಿಲ್ 5ರಂದು. ಕೇಡಗಾಂವದ ಆ ಆಶ್ರಯವು ಇಂದಿಗೂ ನಡೆದಿದೆ.