ಮೂರ್ಛೆಯ ನೆರಳು ಬಿದ್ದ ಮಹಾಗುರು: ಫ್ರ್ಯಾಂಕ್ ಲೇಹಿ

ಕುಂದಾಪುರದ ಗಾಂಧಿ ಮೈದಾನದಲ್ಲಾಗಲಿ, ಬೈಂದೂರು, ಬ್ರಹ್ಮಾವರಗಳ ಶಾಲಾ ಮೈದಾನಗಳಲ್ಲಾಗಲಿ ಪಂದ್ಯಾಟವೊಂದು ಕೊನೆಯ ಘಟ್ಟಕ್ಕೆ ಬಂದಾಗ ಕಾಣುವ ದೃಶ್ಯವೊಂದು ಕ್ರೀಡಾಸಕ್ತರಿಗೆ ಹೊಸತಲ್ಲ. ಎದುರಾಳಿ ತಂಡ ಬಿರುಸಿನಿಂದ ಆಡುತ್ತಿರುತ್ತದೆ, ಅಂಕಗಳು ಕೈಜಾರುತ್ತಿರುತ್ತವೆ. ಅಷ್ಟರಲ್ಲಿ ಆಟಗಾರನೊಬ್ಬ ಮೊಣಕಾಲು ಹಿಡಿದು ಕುಳಿತುಬಿಡುತ್ತಾನೆ. ಆಟ ನಿಲ್ಲುತ್ತದೆ, ನೀರಿನ ಬಾಟಲಿ ಬರುತ್ತದೆ, ಎದುರಾಳಿಯ ಬಿರುಸು ತಗ್ಗುತ್ತದೆ. ನೋವು ನಿಜವೋ ನಟನೆಯೋ ಎಂಬ ಗುಸುಗುಸು ಪ್ರೇಕ್ಷಕರ ನಡುವೆ ಏಳುತ್ತದೆ.

ಈ ಸಂಶಯಕ್ಕೆ ಕ್ರೀಡಾಲೋಕದಲ್ಲಿ ದೀರ್ಘ ಇತಿಹಾಸವಿದೆ. ಅದರ ಅತ್ಯಂತ ಪ್ರಸಿದ್ಧ ಪ್ರಕರಣ ನಡೆದದ್ದು 1953ರಲ್ಲಿ, ಅಮೆರಿಕದಲ್ಲಿ. ಆ ಪ್ರಕರಣದ ಕೇಂದ್ರದಲ್ಲಿದ್ದವರು ಸಾಮಾನ್ಯ ವ್ಯಕ್ತಿಯಲ್ಲ. ಆ ದೇಶದ ಕಾಲೇಜು ಫುಟ್‌ಬಾಲ್ ಕಂಡ ಅತಿ ಯಶಸ್ವಿ ತರಬೇತುದಾರರಲ್ಲೊಬ್ಬರಾದ ಫ್ರ್ಯಾಂಕ್ ಲೇಹಿ. ಸ್ವತಃ ಗಾಯದಿಂದಲೇ ಬದುಕಿನ ದಿಕ್ಕು ಬದಲಿಸಿಕೊಂಡ ಈ ಮನುಷ್ಯನ ಹೆಸರಿಗೆ ಕೊನೆಗೆ ಮಸಿ ಹಚ್ಚಿದ್ದು ಒಂದು ಸುಳ್ಳು ಗಾಯ ಎಂಬುದು ವಿಧಿಯ ವಿಪರ್ಯಾಸ.

ಗಾಯವೇ ಗುರುಕುಲವಾದಾಗ

ಫ್ರಾನ್ಸಿಸ್ ವಿಲಿಯಂ ಲೇಹಿ ಜನಿಸಿದ್ದು 1908ರ ಆಗಸ್ಟ್ 27ರಂದು, ನೆಬ್ರಾಸ್ಕಾ ರಾಜ್ಯದ ಓನೀಲ್ ಎಂಬ ಊರಿನಲ್ಲಿ. ಬೆಳೆದದ್ದು ದಕ್ಷಿಣ ಡಕೋಟಾದ ವಿನ್ನರ್ ಎಂಬ ಸಣ್ಣ ಪಟ್ಟಣದಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದ ಈ ಹುಡುಗ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಆಗ ಫುಟ್‌ಬಾಲ್ ಗುರುವಾಗಿದ್ದವರು ದೇಶದಾದ್ಯಂತ ಮನೆಮಾತಾಗಿದ್ದ ನೂಟ್ ರಾಕ್ನಿ.

ಇಲ್ಲಿ ಆಟದ ಪರಿಚಯ ಅಗತ್ಯ. ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟವದು. ತಂಡಕ್ಕೆ 11 ಮಂದಿ. ದಾಳಿ ಮಾಡುವ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುನ್ನಡೆಯಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗಡಿರೇಖೆಯ ಆಚೆಗೆ ಚೆಂಡನ್ನು ಒಯ್ದರೆ ಅದು ಟಚ್‌ಡೌನ್, 6 ಅಂಕ. ಅದರ ಬಳಿಕ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಇಡೀ ಆಟ ಗಡಿಯಾರದ ಅಧೀನ. ಕಬಡ್ಡಿಯಲ್ಲಿರುವಂತೆ ಇಲ್ಲಿಯೂ ತಂಡಗಳು ಟೈಮ್ ಔಟ್ ಕೇಳಿ ಗಡಿಯಾರ ನಿಲ್ಲಿಸಬಹುದು. ಆದರೆ ಅವು ಎಣಿಕೆಯವು. ಆಟಗಾರ ಗಾಯಗೊಂಡು ಬಿದ್ದರೆ ಮಾತ್ರ ಟೈಮ್ ಔಟ್ ಮುಗಿದಿದ್ದರೂ ರೆಫ್ರಿ ಗಡಿಯಾರ ನಿಲ್ಲಿಸುತ್ತಾರೆ. ಕರುಣೆಯಿಂದ ರೂಪುಗೊಂಡ ಈ ನಿಯಮವೇ ಕಪಟಕ್ಕೂ ದಾರಿ ತೆರೆಯಿತು.

ಲೇಹಿ ರಾಕ್ನಿಯವರ ತಂಡದಲ್ಲಿ ಮುಂಚೂಣಿಯ ಸಾಲಿನಲ್ಲಿ ಆಡುತ್ತಿದ್ದರು. 1930ರಲ್ಲಿ ಮೊಣಕಾಲಿಗೆ ಬಿದ್ದ ಪೆಟ್ಟು ಅವರ ಆಟಗಾರ ಜೀವನವನ್ನು ಮುಗಿಸಿತು. ಅದೇ ವೇಳೆಗೆ ರಾಕ್ನಿಯವರೂ ಕಾಲಿನ ರಕ್ತನಾಳದ ತೊಂದರೆಯಿಂದ ಬಳಲುತ್ತಿದ್ದರು. ಮಿನ್ನೆಸೋಟಾದ ಪ್ರಖ್ಯಾತ ಮೇಯೋ ಕ್ಲಿನಿಕ್ಕಿಗೆ ಚಿಕಿತ್ಸೆಗೆ ಹೊರಟಾಗ ಅವರು ಶಿಷ್ಯನನ್ನೂ ಜತೆಗೆ ಕರೆದೊಯ್ದರು. ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಮಲಗಿ ಗುರು ಶಿಷ್ಯರಿಬ್ಬರೂ ದಿನವಿಡೀ ಫುಟ್‌ಬಾಲ್ ತಂತ್ರಗಳನ್ನೇ ಚರ್ಚಿಸಿದರು. ಆಡಲಾರದ ಯುವಕ ಆಡಿಸುವ ವಿದ್ಯೆ ಕಲಿತದ್ದು ಅಲ್ಲಿ. ಕೆಲವೇ ತಿಂಗಳುಗಳಲ್ಲಿ, 1931ರ ಮಾರ್ಚ್ 31ರಂದು, ಕಾನ್ಸಾಸ್‌ನಲ್ಲಿ ನಡೆದ ವಿಮಾನ ದುರಂತದಲ್ಲಿ ರಾಕ್ನಿ ತೀರಿಕೊಂಡರು.

ಗೆಲುವಿನ ಸರಮಾಲೆ

ಸಹಾಯಕ ತರಬೇತುದಾರರಾಗಿ ಜಾರ್ಜ್‌ಟೌನ್, ಮಿಚಿಗನ್ ಸ್ಟೇಟ್‌ಗಳಲ್ಲಿ ದುಡಿದ ಲೇಹಿ 1933ರಲ್ಲಿ ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರು ಪಳಗಿಸಿದ ಮುಂಚೂಣಿಯ ಏಳು ಮಂದಿ ಗ್ರಾನೈಟ್ ಬಂಡೆಗಳೆಂದೇ ಹೆಸರಾದರು. ಅವರಲ್ಲೊಬ್ಬರು, ಮುಂದೆ ವೃತ್ತಿಪರ ಫುಟ್‌ಬಾಲಿನ ಮಹಾನ್ ತರಬೇತುದಾರರೆನಿಸಿದ ವಿನ್ಸ್ ಲೊಂಬಾರ್ಡಿ.

1939ರಲ್ಲಿ ಬಾಸ್ಟನ್ ಕಾಲೇಜಿನ ಮುಖ್ಯ ತರಬೇತುದಾರರಾಗಿ ಎರಡು ವರ್ಷಗಳಲ್ಲಿ 20 ಪಂದ್ಯ ಗೆದ್ದು ಸೋತದ್ದು ಎರಡನ್ನು ಮಾತ್ರ. 1941ರಲ್ಲಿ ನೋಟರ್ ಡೇಮ್ ತನ್ನ ಹಳೆಯ ವಿದ್ಯಾರ್ಥಿಯನ್ನು ಮರಳಿ ಕರೆಸಿಕೊಂಡಿತು. ಮರುವರ್ಷವೇ ಅವರು ಗುರು ರಾಕ್ನಿ ರೂಢಿಸಿದ್ದ ವ್ಯೂಹವನ್ನು ಕೈಬಿಟ್ಟು ಹೊಸ ಟಿ ವ್ಯೂಹವನ್ನು ತಂದರು. ಗುರುದ್ರೋಹವೆಂದು ಮೂಗುಮುರಿದವರೂ ಇದ್ದರು. 1943ರಲ್ಲಿ ರಾಷ್ಟ್ರೀಯ ಪಟ್ಟ ಒಲಿದಾಗ ಟೀಕೆ ತಣ್ಣಗಾಯಿತು.

ಯುದ್ಧಕಾಲದ ಎರಡು ವರ್ಷ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಮರಳಿದ ಲೇಹಿಯವರದು ಬಳಿಕ ಸುವರ್ಣಯುಗ. 1946, 1947, 1949ರಲ್ಲಿ ಮತ್ತೆ ರಾಷ್ಟ್ರೀಯ ಪಟ್ಟ. 1946ರಿಂದ 1950ರ ಅಕ್ಟೋಬರ್‌ವರೆಗೆ ಸತತ 39 ಪಂದ್ಯಗಳಲ್ಲಿ ಅವರ ತಂಡ ಸೋಲನ್ನೇ ಕಾಣಲಿಲ್ಲ. 37 ಗೆಲುವು, 2 ಸಮ. ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಅವರ ನಾಲ್ವರು ಶಿಷ್ಯರಿಗೆ ಸಂದಿತು.

ಆಟಗಾರರು ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಮಾತು ಗಂಭೀರ, ಉಡುಪು ಅಚ್ಚುಕಟ್ಟು, ಅಭ್ಯಾಸ ಅತಿ ಕಠಿಣ. ಮನೆಯಲ್ಲಿ ಪತ್ನಿ ಫ್ಲಾರೆನ್ಸ್ ಮತ್ತು ಎಂಟು ಮಕ್ಕಳಿದ್ದರೂ ಪಂದ್ಯಗಳ ಋತುವಿನಲ್ಲಿ ಎಷ್ಟೋ ರಾತ್ರಿ ವಿಶ್ವವಿದ್ಯಾಲಯದ ಅಗ್ನಿಶಾಮಕ ಠಾಣೆಯಲ್ಲೇ ಮಲಗುತ್ತಿದ್ದರು. ಸೋಲನ್ನು ಸಹಿಸಲಾರದ ಈ ಹಠ ಅವರ ದೊಡ್ಡ ಬಲ. ದೇಹವನ್ನು ಒಳಗಿಂದೊಳಗೆ ಕೊರೆದ ರೋಗವೂ ಅದೇ. ನಿಯಮದ ಅಂಚಿನವರೆಗೆ ಹೋಗಿ ನೋಡುವ ಸ್ವಭಾವವೂ ಅದರೊಂದಿಗೆ ಬಂತು. 1952ರಲ್ಲಿ ಎದುರಾಳಿಯನ್ನು ತಪ್ಪು ಹೆಜ್ಜೆ ಇಡುವಂತೆ ಪ್ರಚೋದಿಸುವ ಅವರ ಚಲನೆಯೊಂದು ಸಾಕಷ್ಟು ವಿವಾದಕ್ಕೆ ಒಳಗಾಗಿತ್ತು.

ನಿಜವಾದ ಕುಸಿತ, ಸುಳ್ಳು ಕುಸಿತ

1953ರ ಅಕ್ಟೋಬರ್ 24. ಎದುರಾಳಿ, ಸತತ 31 ಪಂದ್ಯಗಳಲ್ಲಿ ಸೋಲು ಕಾಣದ ಜಾರ್ಜಿಯಾ ಟೆಕ್. ವಿರಾಮದ ವೇಳೆ ಆಟಗಾರರ ಕೊಠಡಿಯಲ್ಲಿ ಲೇಹಿ ಕುಸಿದುಬಿದ್ದರು. ಮೇದೋಜೀರಕ ಗ್ರಂಥಿಯ ಉರಿಯೂತ. ಬದುಕುವ ಭರವಸೆಯಿಲ್ಲದೆ ಪಾದ್ರಿಗಳು ಅಲ್ಲೇ ಅಂತಿಮ ಸಂಸ್ಕಾರದ ವಿಧಿ ನೆರವೇರಿಸಿದರು. ಶಿಷ್ಯರು 27-14ರಿಂದ ಗೆದ್ದರು, ಗುರು ಬದುಕುಳಿದರು. ವಯಸ್ಸು ಕೇವಲ 45.

ಅದಾಗಿ ಸರಿಯಾಗಿ ನಾಲ್ಕು ವಾರ. ನವೆಂಬರ್ 21ರಂದು ಸ್ವಂತ ಮೈದಾನದಲ್ಲಿ ಅಯೋವಾ ವಿಶ್ವವಿದ್ಯಾಲಯದ ವಿರುದ್ಧ ಪಂದ್ಯ. ನೋಟರ್ ಡೇಮ್ ಆಗ ದೇಶದ ಅಗ್ರಶ್ರೇಯಾಂಕದ ತಂಡ. ಮೊದಲಾರ್ಧದ ಕೊನೆಗೆ ಅಯೋವಾ 7-0ರಿಂದ ಮುಂದಿತ್ತು. ನೋಟರ್ ಡೇಮ್ ಎದುರಾಳಿಯ ಗಡಿರೇಖೆಯ ಸಮೀಪಕ್ಕೆ ಬಂದಿತ್ತಾದರೂ ಟೈಮ್ ಔಟ್‌ಗಳೆಲ್ಲ ಮುಗಿದಿದ್ದವು, ಗಡಿಯಾರ ಓಡುತ್ತಿತ್ತು. ಆಗ ಮುಂಚೂಣಿಯ ಆಟಗಾರ ಫ್ರ್ಯಾಂಕ್ ವ್ಯಾರಿಕಿಯೋನ್ ಬೆನ್ನು ಹಿಡಿದುಕೊಂಡು ನೆಲಕ್ಕೆ ಬಿದ್ದರು. ಗಡಿಯಾರ ನಿಂತಿತು. ಉಳಿದದ್ದು 2 ಸೆಕೆಂಡು. ಆ 2 ಸೆಕೆಂಡಿನಲ್ಲಿ ರಾಲ್ಫ್ ಗುಗ್ಲಿಯೆಲ್ಮಿ ಎಸೆದ ಚೆಂಡನ್ನು ಡ್ಯಾನ್ ಶಾನನ್ ಹಿಡಿದು ಟಚ್‌ಡೌನ್ ಗಳಿಸಿದರು. 7-7.

ಪಂದ್ಯದ ಕೊನೆಗೆ ಅದೇ ದೃಶ್ಯ ಮರುಕಳಿಸಿತು. ಎರಡು ನಿಮಿಷಗಳಷ್ಟೇ ಬಾಕಿಯಿದ್ದಾಗ ಅಯೋವಾ 14-7ರ ಮುನ್ನಡೆ ಸಾಧಿಸಿತ್ತು. ನೋಟರ್ ಡೇಮ್ ಮತ್ತೆ ಗಡಿರೇಖೆಯ ಸಮೀಪಕ್ಕೆ ಬಂದಿತು, ಮತ್ತೆ ಟೈಮ್ ಔಟ್ ಇರಲಿಲ್ಲ. ಈ ಸಲ ಬಿದ್ದವರು ಒಬ್ಬರಲ್ಲ. ಗಡಿಯಾರ ನಿಂತಾಗ ಉಳಿದಿದ್ದದ್ದು 6 ಸೆಕೆಂಡು. ಮತ್ತೆ ಗುಗ್ಲಿಯೆಲ್ಮಿ, ಮತ್ತೆ ಶಾನನ್. ಪಂದ್ಯ 14-14ರಲ್ಲಿ ಸಮವಾಯಿತು.

ಸೋಲು ತಪ್ಪಿತು, ಮಾನ ಉಳಿಯಲಿಲ್ಲ. ಹೋರಾಡುವ ಐರಿಷರೆಂಬ ಬಿರುದಿದ್ದ ತಂಡಕ್ಕೆ ಪತ್ರಿಕೆಗಳು ಮೂರ್ಛೆಹೋಗುವ ಐರಿಷರೆಂಬ ಅಡ್ಡಹೆಸರಿಟ್ಟವು. ಆ ಕಾಲದ ಹಿರಿಯ ಕ್ರೀಡಾ ಬರಹಗಾರ ಗ್ರಾಂಟ್‌ಲ್ಯಾಂಡ್ ರೈಸ್ ಇದನ್ನು ಕಟುವಾಗಿ ಖಂಡಿಸಿದರು. ಅಯೋವಾದ ತರಬೇತುದಾರ ಫಾರೆಸ್ಟ್ ಎವಶೆವ್‌ಸ್ಕಿ ತಮ್ಮ ಹುಡುಗರ ಕೈಯಿಂದ ಗೆಲುವು ಕಸಿಯಲಾಯಿತೆಂಬ ನೋವನ್ನು ಮುಚ್ಚಿಡಲಿಲ್ಲ. ಉಳಿದ ಪಂದ್ಯಗಳನ್ನು ಗೆದ್ದು ಇಡೀ ಋತುವಿನಲ್ಲಿ ಸೋಲನ್ನೇ ಕಾಣದಿದ್ದರೂ ಪ್ರಮುಖ ಮತಗಣನೆಗಳಲ್ಲಿ ನೋಟರ್ ಡೇಮ್ ಎರಡನೆಯ ಸ್ಥಾನಕ್ಕಿಳಿಯಿತು. ಅಗ್ರಪಟ್ಟ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪಾಲಾಯಿತು.

ಲೇಹಿಯವರ ಪರವಾಗಿಯೂ ವಾದಗಳಿದ್ದವು. ಈ ತಂತ್ರ ಅವರ ಆವಿಷ್ಕಾರವಲ್ಲ. ಅನ್ಯ ತಂಡಗಳೂ ಆಗಾಗ ಬಳಸುತ್ತಿದ್ದವು. ಅಂದಿನ ನಿಯಮದ ಪ್ರಕಾರ ರೆಫ್ರಿ ಶಿಕ್ಷೆ ವಿಧಿಸುವಂತಿರಲಿಲ್ಲ. ನೋವು ನಿಜವಲ್ಲವೆಂದು ಸಾಬೀತುಪಡಿಸುವುದಾದರೂ ಹೇಗೆ? ಆದರೆ ನಿಯಮ ಮುರಿಯಲಿಲ್ಲವೆಂಬ ಸಮಜಾಯಿಷಿ ಜನರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಬಯಲಾಟ ನೋಡಿ ಬೆಳೆದ ನಮ್ಮ ಜನರಿಗೆ ಇದರ ಕಾರಣ ಸುಲಭವಾಗಿ ಅರ್ಥವಾದೀತು. ರಂಗಸ್ಥಳದಲ್ಲಿ ವೇಷಧಾರಿ ಮೂರ್ಛೆಹೋದರೆ ಅದು ನಟನೆಯೆಂದು ಅವನಿಗೂ ಗೊತ್ತು, ಸಭೆಗೂ ಗೊತ್ತು. ಅಲ್ಲಿ ಮೋಸವಿಲ್ಲ, ಕಲೆಯಿದೆ. ಮೈದಾನದಲ್ಲಿ ಬೀಳುವ ನಟನ ಗುಟ್ಟು ಅವನ ಪಾಳಯಕ್ಕೆ ಮಾತ್ರ ಗೊತ್ತು. ಅವನು ಬಳಸಿಕೊಳ್ಳುವುದು ಎದುರಾಳಿಯ ಅನುಕಂಪವನ್ನು. ಬದುಕಿಡೀ ಸತ್ಯವಂತನಾಗಿದ್ದ ಧರ್ಮರಾಯ ಅಶ್ವತ್ಥಾಮನ ಹೆಸರಿನಲ್ಲಿ ಒಂದು ಅರ್ಧಸತ್ಯ ಹೇಳಿದಾಗ ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ನೆಲ ಮುಟ್ಟಿತೆಂದು ಮಹಾಭಾರತದ ಕಥೆ. ಲೇಹಿಯವರ ರಥವೂ ಅಂದು ನೆಲ ಮುಟ್ಟಿತು.

ಕೊನೆಯ ದಿನಗಳು

1954ರ ಜನವರಿ 31ರಂದು ಅನಾರೋಗ್ಯದ ಕಾರಣ ಲೇಹಿ ರಾಜೀನಾಮೆ ನೀಡಿದರು. ಅವರ ಸ್ಥಾನಕ್ಕೆ ಬಂದವರು ಅವರದೇ ಶಿಷ್ಯ, 25ರ ಹರೆಯದ ಟೆರಿ ಬ್ರೆನನ್. ಮುಂದೆ ಲೇಹಿ ಕಾಲೇಜು ತಂಡವೊಂದರ ತರಬೇತಿಗೆ ಮರಳಲಿಲ್ಲ. 1960ರಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ವೃತ್ತಿಪರ ತಂಡದ ವ್ಯವಸ್ಥಾಪಕರಾದರೂ ಆರೋಗ್ಯ ಅಲ್ಲಿಯೂ ಹೆಚ್ಚು ಕಾಲ ಉಳಿಯಗೊಡಲಿಲ್ಲ. 1970ರಲ್ಲಿ ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು. 1973ರ ಜೂನ್ 21ರಂದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ, 64ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಒಟ್ಟು 107 ಗೆಲುವು, 13 ಸೋಲು, 9 ಸಮ. ಗೆಲುವಿನ ಪ್ರಮಾಣದಲ್ಲಿ ಗುರು ರಾಕ್ನಿಯವರಿಗೆ ಮಾತ್ರ ಎರಡನೆಯವರು. ನೋಟರ್ ಡೇಮ್ ಕ್ರೀಡಾಂಗಣದಲ್ಲಿ ಅವರ ಪ್ರತಿಮೆಯಿದೆ.

ಅವರ ಕಾಲದ ಬಳಿಕವೂ ಆ ತಂತ್ರ ಸಾಯಲಿಲ್ಲ, ವೇಷ ಬದಲಿಸಿತು. 1953ರಲ್ಲಿ ಬಿದ್ದವರು ಸಮಯ ಉಳಿಸಿಕೊಳ್ಳಲು ಹೊರಟ ದಾಳಿಗಾರರು. ಇತ್ತೀಚಿನ ದಶಕಗಳಲ್ಲಿ ಬೀಳುವವರು ಎದುರಾಳಿಯ ವೇಗ ಮುರಿಯಲು ಹೊರಟ ರಕ್ಷಕರು. ಆರೆಗಾನ್ ವಿಶ್ವವಿದ್ಯಾಲಯದಂತಹ ತಂಡಗಳು ಒಂದು ಯತ್ನಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಬಿಡದೆ ಆಡತೊಡಗಿದಾಗ ದಣಿದ ಎದುರಾಳಿಗಳಿಗೆ ಸುಲಭ ಉಪಾಯವಾಗಿ ಕಂಡದ್ದು ಸುಳ್ಳು ಗಾಯ. 2010ರಲ್ಲಿ ಆರೆಗಾನ್ ವಿರುದ್ಧದ ಪಂದ್ಯದಲ್ಲಿ ಹಾಗೆ ನಟಿಸಲು ಆಟಗಾರನಿಗೆ ಸೂಚಿಸಿದ್ದಕ್ಕಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತರಬೇತುದಾರರೊಬ್ಬರು ಒಂದು ಪಂದ್ಯದ ಮಟ್ಟಿಗೆ ಅಮಾನತುಗೊಂಡರು.

ನಿಯಮಗಳು ನಿಧಾನವಾಗಿ ಬಿಗಿಯಾದವು. 2013ರಲ್ಲಿ ಬಂದ ಕಾಲೇಜು ನಿಯಮದಂತೆ, ಯಾವುದೇ ಅರ್ಧದ ಕೊನೆಯ ಹಂತದಲ್ಲಿ ಗಾಯದ ಕಾರಣಕ್ಕಷ್ಟೇ ಗಡಿಯಾರ ನಿಂತರೆ ಎದುರಾಳಿ ಬಯಸಿದಲ್ಲಿ 10 ಸೆಕೆಂಡು ಕಳೆಯಲಾಗುತ್ತದೆ. ಇದನ್ನು ತಪ್ಪಿಸಲು ತಂಡದ ಬಳಿ ಟೈಮ್ ಔಟ್ ಉಳಿದಿರಬೇಕು. ಈ ನಿಯಮ 1953ರಲ್ಲಿ ಇದ್ದಿದ್ದರೆ 2 ಮತ್ತು 6 ಸೆಕೆಂಡುಗಳ ಆ ಎರಡು ಟಚ್‌ಡೌನ್‌ಗಳು ಹುಟ್ಟುತ್ತಲೇ ಇರಲಿಲ್ಲ, ಗೆಲುವು ಅಯೋವಾದ್ದಾಗಿರುತ್ತಿತ್ತು. 2025ರಲ್ಲಿ ಇನ್ನೊಂದು ಹೆಜ್ಜೆ ಇಡಲಾಯಿತು. ಮುಂದಿನ ಯತ್ನಕ್ಕೆ ಚೆಂಡನ್ನು ಇರಿಸಿದ ಮೇಲೆ ವೈದ್ಯಕೀಯ ಸಿಬ್ಬಂದಿ ಆಟಗಾರನ ಬಳಿಗೆ ಬರಬೇಕಾದರೆ ಆ ತಂಡದ ಒಂದು ಟೈಮ್ ಔಟ್ ಹೋಗುತ್ತದೆ. ಟೈಮ್ ಔಟ್ ಉಳಿದಿಲ್ಲವಾದರೆ 5 ಗಜಗಳ ದಂಡ ತೆರಬೇಕು.

ಇಂತಹ ನಿಯಮಗಳಿಗೂ ಒಂದು ಬೆಲೆಯಿದೆ. ನಿಜವಾಗಿ ಪೆಟ್ಟು ತಿಂದ ಆಟಗಾರ ತಂಡಕ್ಕೆ ದಂಡ ಬೀಳಬಾರದೆಂದು ನೋವು ನುಂಗಿ ಎದ್ದು ನಿಲ್ಲುವ ಅಪಾಯ ಅದರಲ್ಲಿದೆ. ತಲೆಗೆ ಏಟು ಬೀಳುವ ಆಟದಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಸುಳ್ಳು ಗಾಯದ ನಿಜವಾದ ನಷ್ಟ ಇಲ್ಲಿದೆ: ಅದು ಕದಿಯುವುದು ಕೆಲವು ಸೆಕೆಂಡುಗಳನ್ನಷ್ಟೇ ಅಲ್ಲ, ನಾಳೆ ನಿಜವಾಗಿ ಬೀಳುವವನ ಮೇಲಿನ ನಂಬಿಕೆಯನ್ನು.

ಮೊಣಕಾಲಿನ ಗಾಯ ಲೇಹಿಯವರನ್ನು ಗುರುವಾಗಿಸಿತು. ಅಕ್ಟೋಬರಿನಲ್ಲಿ ಅವರು ಕುಸಿದಾಗ ಯಾರೂ ಸಂಶಯಪಡಲಿಲ್ಲ, ಎಲ್ಲರೂ ಪ್ರಾರ್ಥಿಸಿದರು. ನವೆಂಬರಿನಲ್ಲಿ ಅವರ ಶಿಷ್ಯರು ಕುಸಿದಾಗ ಯಾರೂ ನಂಬಲಿಲ್ಲ. 107 ಗೆಲುವುಗಳ ಬಾಳಿನಲ್ಲಿ ಒಂದು ಸಮಬಲದ ಪಂದ್ಯ ಇಷ್ಟು ಗಾಢವಾಗಿ ಉಳಿದಿರುವುದು, ಮಕ್ಕಳಿಗೆ ಆಟ ಕಲಿಸುವ ಪ್ರತಿಯೊಬ್ಬ ಗುರುವೂ ನೆನಪಿಡಬೇಕಾದ ಸಂಗತಿ.