ರಸಾಯನಶಾಸ್ತ್ರವನ್ನು ಕಲಿತ ಎಲೆನ್ ರಿಚರ್ಡ್ಸ್ ಅಮ್ಮನವರ ಚರಿತ್ರೆ

ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಮುಗಿಸಿದ ಹುಡುಗಿಯೊಬ್ಬಳು ತಾನು ರಸಾಯನಶಾಸ್ತ್ರವನ್ನು ಕಲಿತು ಬಿ. ಎಸ್‌ಸಿ. ಪದವಿಯನ್ನು ಪಡೆಯಬೇಕೆಂದು ಹೇಳಿದರೆ, ಅದರಿಂದ ಮುಂದೆ ಯಾವ ಉದ್ಯೋಗವು ದೊರೆತೀತೆಂದು ತಾಯಿತಂದೆಗಳು ವಿಚಾರಿಸುವುದು ಸಹಜವೇ ಸರಿ. ಮಗಳ ಹಿತವನ್ನು ಬಯಸುವವರು ವಿಚಾರಿಸಲೇಬೇಕಾದ ಮಾತು ಅದು. ಅಮೆರಿಕ ದೇಶದಲ್ಲಿ ಈ ವಿದ್ಯೆಯನ್ನು ಬಹು ಕಷ್ಟದಿಂದ ಸಂಪಾದಿಸಿ, ಸ್ತ್ರೀಯರಿಗೆ ಅದಕ್ಕೆ ತಕ್ಕ ಉದ್ಯೋಗವೇ ಇಲ್ಲದಿದ್ದ ಕಾಲದಲ್ಲಿ ಉದ್ಯೋಗವನ್ನು ತಾವೇ ಕಲ್ಪಿಸಿಕೊಂಡ ಎಲೆನ್ ಸ್ವಾಲೋ ರಿಚರ್ಡ್ಸ್ ಅಮ್ಮನವರ ಚರಿತ್ರೆಯು ಇಂಥವರಿಗೆ ಉಪಯುಕ್ತವಾದೀತೆಂದು ಎಣಿಸಿ, ಅದನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಎಲೆನಳು 1842ನೆಯ ಇಸವಿ ಡಿಸೆಂಬರ್ 3ನೆಯ ದಿನ ಮ್ಯಾಸಚೂಸೆಟ್ಸ್ ಸಂಸ್ಥಾನದ ಡನ್‌ಸ್ಟಬಲ್ ಎಂಬ ಊರಿನಲ್ಲಿ, ತಾಯಿತಂದೆಗಳಿಗೆ ಏಕಪುತ್ರಿಯಾಗಿ ಜನಿಸಿದಳು. ತಂದೆಯು ಒಕ್ಕಲುತನವನ್ನು ಮಾಡಿಕೊಂಡಿದ್ದು, ತರುವಾಯ ಮಗಳ ವಿದ್ಯಾಭ್ಯಾಸಕ್ಕೆ ಅನುಕೂಲವಾಗಲೆಂದು ವೆಸ್ಟ್‌ಫರ್ಡ್ ಎಂಬ ಊರಿಗೆ ಹೋಗಿ ಅಂಗಡಿಯನ್ನಿಟ್ಟನು. ಎಲೆನಳು ಶಾಲೆಗೆ ಹೋಗುವುದರ ಜೊತೆಗೆ ಅಂಗಡಿಯಲ್ಲಿ ತಂದೆಗೂ ಮನೆಗೆಲಸದಲ್ಲಿ ತಾಯಿಗೂ ಒತ್ತಾಸೆಯಾಗಿದ್ದಳು. ಸ್ತ್ರೀಯರಿಗೆ ಉನ್ನತ ವಿದ್ಯೆಯನ್ನು ಕೊಡುವ ಕಾಲೇಜುಗಳು ಆಗ ಬಹು ವಿರಳ. ನ್ಯೂಯಾರ್ಕ್ ಸಂಸ್ಥಾನದಲ್ಲಿ ವಾಸರ್ ಕಾಲೇಜು 1865ರಲ್ಲಿ ತೆರೆಯಿತೆಂಬ ವರ್ತಮಾನವು ತಿಳಿದರೂ ಅಲ್ಲಿಗೆ ಹೋಗಲು ಕೈಯಲ್ಲಿ ಹಣವಿರಲಿಲ್ಲ. ಪಾಠ ಹೇಳಿಯೂ, ಅಡಿಗೆ ಮಾಡಿಯೂ, ಅನ್ಯರ ಮನೆಗಳನ್ನು ಶುಚಿಮಾಡಿಯೂ, ರೋಗಿಗಳ ಶುಶ್ರೂಷೆ ಮಾಡಿಯೂ 300 ಡಾಲರುಗಳನ್ನು ಕೂಡಿಹಾಕಿ, 1868ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಆಕೆಯು ಆ ಕಾಲೇಜನ್ನು ಸೇರಿದಳು. ಓದಿನ ವಯಸ್ಸು ಮೀರಿತೆಂದು ಮರುಗುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ವಾಸರಿನಲ್ಲಿ ಆಕೆಯ ಮನಸ್ಸನ್ನು ಎರಡು ಶಾಸ್ತ್ರಗಳು ಸೆಳೆದವು. ಪ್ರಸಿದ್ಧ ಪಂಡಿತೆಯಾದ ಮರಿಯಾ ಮಿಚೆಲ್ ಅವರು ಖಗೋಳಶಾಸ್ತ್ರವನ್ನು ಕಲಿಸುತ್ತಿದ್ದರು. ಚಾರ್ಲ್ಸ್ ಫರಾರ್ ಅವರು ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದರು. ಜನರ ನಿತ್ಯಜೀವನಕ್ಕೆ ನೇರವಾಗಿ ಉಪಕರಿಸುವ ವಿದ್ಯೆ ಬೇಕೆಂಬ ಅಭಿಲಾಷೆಯಿಂದ ಎಲೆನಳು ರಸಾಯನಶಾಸ್ತ್ರವನ್ನೇ ಆರಿಸಿಕೊಂಡಳು. 1870ರಲ್ಲಿ ಪದವಿಯೇನೋ ದೊರೆಯಿತು. ಉದ್ಯೋಗ ಮಾತ್ರ ದೊರೆಯಲಿಲ್ಲ. ಕೆಲಸ ಕಲಿಯುವವಳಾಗಿ ತನ್ನನ್ನು ಸೇರಿಸಿಕೊಳ್ಳಬೇಕೆಂದು ಆಕೆ ರಸಾಯನ ವ್ಯಾಪಾರಿಗಳಿಗೆ ಕಾಗದ ಬರೆದಳು. ಯಾರೂ ಒಪ್ಪಲಿಲ್ಲ. ಅವರಲ್ಲಿ ಒಬ್ಬ ವ್ಯಾಪಾರಿಯು ಮಾತ್ರ, ಬಾಸ್ಟನ್ ನಗರದಲ್ಲಿ ಹೊಸದಾಗಿ ಏರ್ಪಟ್ಟಿದ್ದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರಯತ್ನಿಸುವಂತೆ ಸಲಹೆಯನ್ನಿತ್ತನು.

ಆ ವಿದ್ಯಾಲಯಕ್ಕೆ ಅದುವರೆಗೆ ಯಾವ ಸ್ತ್ರೀಯೂ ಪ್ರವೇಶಿಸಿರಲಿಲ್ಲ. ಎಲೆನಳನ್ನು ವಿಶೇಷ ವಿದ್ಯಾರ್ಥಿನಿಯೆಂದು ಸೇರಿಸಿಕೊಂಡು, ಫೀಜನ್ನು ಬೇಡವೆಂದರು. ತನ್ನ ಬಡತನವನ್ನು ನೋಡಿ ಕರುಣಿಸಿದರೆಂದು ಆಕೆ ಸಂತೋಷಪಟ್ಟಳು. ನಿಜಸ್ಥಿತಿ ಬೇರೆಯಾಗಿತ್ತು. ಹೆಂಗಸನ್ನು ಸೇರಿಸಿಕೊಂಡಿರೆಂದು ಯಾರಾದರೂ ಆಕ್ಷೇಪಿಸಿದರೆ, ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳಿಬಿಡುವುದಕ್ಕಾಗಿ ಅಧಿಕಾರಿಗಳು ಹಾಗೆ ಮಾಡಿದ್ದರು. ಈ ಸಂಗತಿಯು ಆಗಲೇ ತಿಳಿದಿದ್ದರೆ ತಾನು ಸೇರುತ್ತಲೇ ಇರಲಿಲ್ಲವೆಂದು ಆಕೆ ಮುಂದೆ ಹೇಳಿದ್ದುಂಟು. ಪ್ರಯೋಗಶಾಲೆಯಲ್ಲಿ ಆಕೆ ಯಾರೊಡನೆಯೂ ವಾದಕ್ಕೆ ನಿಲ್ಲದೆ, ಸೂಜಿದಾರಗಳನ್ನು ಹತ್ತಿರದಲ್ಲಿಟ್ಟುಕೊಂಡು, ಉಪಾಧ್ಯಾಯರ ಹರಿದ ಬಟ್ಟೆಯನ್ನು ಹೊಲಿದುಕೊಟ್ಟು, ಬೆರಳು ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟಿ, ತನ್ನ ಪಾಠವನ್ನು ತಾನು ಕಲಿತಳು. 1873ರಲ್ಲಿ ಆ ವಿದ್ಯಾಲಯದ ಬಿ. ಎಸ್. ಪದವಿಯನ್ನು ಪಡೆದ ಮೊದಲ ಸ್ತ್ರೀಯಾದಳು. ಅದೇ ವರ್ಷ ವಾಸರ್ ಕಾಲೇಜು ಎಂ. ಎ. ಪದವಿಯನ್ನಿತ್ತಿತು. ಅನಂತರವೂ ಅಲ್ಲಿ ವ್ಯಾಸಂಗವನ್ನು ಮುಂದುವರಿಸಿದಳಾದರೂ ಡಾಕ್ಟರ್ ಪದವಿಯು ಆಕೆಗೆ ದೊರೆಯಲಿಲ್ಲ.

1875ರಲ್ಲಿ ಎಲೆನ್ ಅವರು ಅದೇ ವಿದ್ಯಾಲಯದಲ್ಲಿ ಗಣಿಶಾಸ್ತ್ರದ ಪ್ರೊಫೆಸರರಾಗಿದ್ದ ರಾಬರ್ಟ್ ರಿಚರ್ಡ್ಸ್ ಅವರನ್ನು ವಿವಾಹವಾದರು. ಪತಿಯು ಪತ್ನಿಯ ವಿದ್ಯೆಗೆ ಅಡ್ಡಿಯಾಗದೆ ಬೆಂಬಲವಾಗಿ ನಿಂತರೆಂಬುದನ್ನು ಹೇಳದಿದ್ದರೆ ಈ ಚರಿತ್ರೆಯು ಪೂರ್ಣವಾಗದು. ತಾವು ಪಟ್ಟ ಕಷ್ಟವನ್ನು ಹಿಂದೆ ಬರುವ ಹುಡುಗಿಯರು ಪಡಬಾರದೆಂದು, ಬಾಸ್ಟನ್ನಿನ ಮಹಿಳೆಯರ ವಿದ್ಯಾಸಂಘವೊಂದರ ಧನಸಹಾಯದಿಂದ 1876ರಲ್ಲಿ ಸ್ತ್ರೀಯರಿಗಾಗಿಯೇ ಒಂದು ಪ್ರಯೋಗಶಾಲೆಯನ್ನು ತೆರೆಯಿಸಿದರು. ಅಲ್ಲಿ ಅಮ್ಮನವರು ಸಂಬಳವಿಲ್ಲದೆ ದುಡಿದರು. ಸಾಲದುದಕ್ಕೆ ವರ್ಷವರ್ಷವೂ ಸ್ವಂತ ಹಣವನ್ನೂ ಕೊಟ್ಟರು. ಶಾಲೆಗಳಲ್ಲಿ ಪಾಠ ಹೇಳುವ ಅನೇಕ ಉಪಾಧ್ಯಾಯಿನಿಯರು ಅಲ್ಲಿ ಕಲಿತರು. ವಿದ್ಯಾಲಯವು ಸ್ತ್ರೀಯರನ್ನು ಪುರುಷರಂತೆಯೇ ಸೇರಿಸಿಕೊಳ್ಳತೊಡಗಿದ ಮೇಲೆ, 1883ರಲ್ಲಿ ಆ ಪ್ರಯೋಗಶಾಲೆಯನ್ನು ಮುಚ್ಚಲಾಯಿತು. ತನ್ನ ಅಗತ್ಯವು ತೀರಿತೆಂದು ಮುಚ್ಚುವ ಭಾಗ್ಯವು ಎಷ್ಟು ಸಂಸ್ಥೆಗಳಿಗಿದೆ!

1884ರಲ್ಲಿ ವಿದ್ಯಾಲಯವು ಅಮ್ಮನವರನ್ನು ಆರೋಗ್ಯ ರಸಾಯನಶಾಸ್ತ್ರದ ಬೋಧಕಿಯನ್ನಾಗಿ ನೇಮಿಸಿತು. 1887ರಿಂದ ಸಂಸ್ಥಾನದ ಆರೋಗ್ಯ ಮಂಡಲಿಯು ಪ್ರೊಫೆಸರ್ ಥಾಮಸ್ ಡ್ರೌನ್ ಅವರ ಮೇಲ್ವಿಚಾರಣೆಯಲ್ಲಿ ಊರೂರಿನ ಕುಡಿಯುವ ನೀರನ್ನೆಲ್ಲಾ ಪರೀಕ್ಷಿಸಲಾರಂಭಿಸಿದಾಗ, ಪ್ರಯೋಗಶಾಲೆಯ ಭಾರವು ಇವರ ಮೇಲೆ ಬಿದ್ದಿತು. ಸಾವಿರಾರು ಸೀಸೆಗಳ ನೀರನ್ನು ಪರೀಕ್ಷಿಸಿ ಅವರು ಕಂಡುಕೊಂಡ ವಿಷಯವು ಸುಲಭವೂ ಅದ್ಭುತವೂ ಆಗಿದೆ. ಸಮುದ್ರದ ಉಪ್ಪನ್ನು ಗಾಳಿಮಳೆಗಳು ಒಳನಾಡಿಗೆ ಒಯ್ಯುವುದರಿಂದ, ಕರಾವಳಿಯ ನೀರಿನಲ್ಲಿ ಕ್ಲೋರಿನ್ ಅಂಶವು ಹೆಚ್ಚು. ದೂರ ಹೋದಂತೆ ಕ್ರಮವಾಗಿ ಕಡಿಮೆ. ಯಾವ ಸ್ಥಳದಲ್ಲಿ ಎಷ್ಟಿರುವುದು ಸ್ವಾಭಾವಿಕವೆಂದು ನಕ್ಷೆಯಲ್ಲಿ ಗೆರೆಗಳನ್ನೆಳೆದಿಟ್ಟರೆ, ಅದಕ್ಕಿಂತ ಹೆಚ್ಚು ಕಂಡುಬಂದ ಬಾವಿಗೆ ಅಥವಾ ಕೆರೆಗೆ ಮನುಷ್ಯರ ಕೊಳಚೆಯು ಸೇರುತ್ತಿದೆಯೆಂದು ಸಂಶಯಪಡಬಹುದು. ಏಕೆಂದರೆ ಮೂತ್ರದಲ್ಲಿ ಉಪ್ಪಿರುತ್ತದೆ. ವಿಷಮಶೀತ ಜ್ವರವು ನೀರಿನ ಮೂಲಕ ಮನೆಮನೆಗೆ ಹರಡುತ್ತಿದ್ದ ಆ ಕಾಲದಲ್ಲಿ, ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನ ಗುಟ್ಟನ್ನು ಈ ನಕ್ಷೆಯು ಹೊರಗೆಡಹಿತು.

ಅವರ ವಿದ್ಯೆಯು ನೀರಿನಲ್ಲಿಯೇ ನಿಲ್ಲಲಿಲ್ಲ. ಆಹಾರದ ಕಲಬೆರಕೆ, ಗೋಡೆಗೆ ಅಂಟಿಸುವ ಬಣ್ಣದ ಕಾಗದದಲ್ಲಿನ ಪಾಷಾಣ, ತಾವಾಗಿ ಹೊತ್ತಿಕೊಳ್ಳುವ ಯಂತ್ರದ ಎಣ್ಣೆಗಳು ಇವೆಲ್ಲವನ್ನೂ ಪರೀಕ್ಷಿಸಿದರು. ಅಡಿಗೆ ಮತ್ತು ಶುಚಿತ್ವಗಳ ರಸಾಯನವನ್ನು ಗೃಹಿಣಿಯರಿಗೆ ತಿಳಿಸುವ ಪುಸ್ತಕವನ್ನು 1882ರಲ್ಲಿ ಪ್ರಕಟಿಸಿದರು. 1890ರಲ್ಲಿ ಬಾಸ್ಟನ್ನಿನಲ್ಲಿ ಬಡವರಿಗಾಗಿ ಅಗ್ಗದ, ಪುಷ್ಟಿಕರವಾದ ಅಡಿಗೆಯ ಮನೆಯೊಂದನ್ನು ತೆರೆದರು. ಪರದೇಶಗಳಿಂದ ಬಂದು ನೆಲಸಿದ್ದ ಬಡಜನರು ತಮ್ಮ ನಾಲಗೆಯ ರುಚಿಯನ್ನು ಬಿಟ್ಟು ಅದನ್ನು ಒಪ್ಪಲಿಲ್ಲ. ಆದರೂ ಆ ಶ್ರಮವು ವ್ಯರ್ಥವಾಗದೆ, 1894ರಿಂದ ನಗರದ ಹೈಸ್ಕೂಲುಗಳ ಮಕ್ಕಳಿಗೆ ಅಲ್ಲಿಂದ ಮಧ್ಯಾಹ್ನದ ಊಟವು ಹೋಯಿತು. 1908ರಲ್ಲಿ ಅಮೆರಿಕದ ಗೃಹವಿಜ್ಞಾನ ಸಂಘವು ಸ್ಥಾಪಿತವಾದಾಗ ಅಮ್ಮನವರೇ ಅದರ ಮೊದಲ ಅಧ್ಯಕ್ಷೆಯಾದರು. ಇಂದು ನಮ್ಮ ದೇಶದ ಹೆಣ್ಣುಮಕ್ಕಳು ಕಲಿಯುವ ಗೃಹವಿಜ್ಞಾನಕ್ಕೆ ಅವರ ದುಡಿಮೆಯೂ ಒಂದು ಮೂಲವಾಗಿದೆ. 1910ರಲ್ಲಿ ಸ್ಮಿತ್ ಕಾಲೇಜು ಗೌರವ ಡಾಕ್ಟರ್ ಪದವಿಯನ್ನಿತ್ತಿತು. 1911ನೆಯ ಇಸವಿ ಮಾರ್ಚ್ 30ರಂದು ಅವರು ಕಾಲಾಧೀನರಾದರು. ಇಪ್ಪತ್ತೇಳು ವರ್ಷ ಕಲಿಸಿದ ವಿದ್ಯಾಲಯದಲ್ಲಿ ಅವರು ಕಡೆಯವರೆಗೂ ಬೋಧಕಿಯಾಗಿಯೇ ಇದ್ದರು. ಪ್ರೊಫೆಸರ್ ಪದವಿಯು ಬರಲಿಲ್ಲ.

ಇನ್ನು ತಾಯಿತಂದೆಗಳ ಪ್ರಶ್ನೆಗೆ ಬರೋಣ. ಅಮ್ಮನವರು ಮಾಡಿದ ಕೆಲಸಗಳನ್ನು ಎಣಿಸಿದರೆ, ರಸಾಯನಶಾಸ್ತ್ರದ ಪದವೀಧರೆಗೆ ಇಂದು ದೊರೆಯಬಹುದಾದ ಉದ್ಯೋಗಗಳ ಪಟ್ಟಿಯೇ ಬಹುಮಟ್ಟಿಗೆ ಸಿದ್ಧವಾಗುತ್ತದೆ. ನೀರಿನ ಪರೀಕ್ಷೆ, ಆಹಾರದ ಪರೀಕ್ಷೆ, ಕಾರ್ಖಾನೆಯ ಸರಕಿನ ಪರೀಕ್ಷೆ, ಉಪಾಧ್ಯಾಯ ವೃತ್ತಿ, ಸಂಶೋಧನೆ ಇವೆಲ್ಲವೂ ಅದರಲ್ಲಿವೆ. ಔಷಧ, ಸಾಬೂನು, ಬಣ್ಣಗಳನ್ನು ತಯಾರಿಸುವ ಕಾರ್ಖಾನೆಗಳನ್ನೂ ಇವುಗಳಿಗೆ ಸೇರಿಸಬಹುದು. ಬಿ. ಎಸ್‌ಸಿ. ಪದವಿಯೊಂದರಿಂದಲೇ ದೊಡ್ಡ ಸಂಬಳವು ಬಂದೀತೆಂದು ನಾವು ಆಸೆ ಹುಟ್ಟಿಸಲಾರೆವು. ಪ್ರಯೋಗಶಾಲೆಗಳಲ್ಲಿ ಕಿರಿಯ ಸ್ಥಾನಗಳು ಅದರಿಂದ ದೊರೆತಾವು. ಹೈಸ್ಕೂಲಿನಲ್ಲಿ ಕಲಿಸಲು ಬಿ. ಎಡ್. ಬೇಕು, ಕಾಲೇಜಿನಲ್ಲಿ ಕಲಿಸಲಿಕ್ಕೂ ಸಂಶೋಧನೆಗೂ ಎಂ. ಎಸ್‌ಸಿ. ಮತ್ತು ಅದರಾಚೆಯ ವ್ಯಾಸಂಗ ಬೇಕು. ಆದುದರಿಂದ ಮಗಳನ್ನು ಈ ವಿದ್ಯೆಗೆ ಕಳುಹಿಸುವವರು ಮೂರು ವರ್ಷಗಳ ಲೆಕ್ಕವನ್ನಲ್ಲ, ಐದಾರು ವರ್ಷಗಳ ಲೆಕ್ಕವನ್ನು ಹಾಕಿಕೊಳ್ಳುವುದು ಒಳ್ಳೆಯದು. ಪ್ರಯೋಗಗಳನ್ನು ಸ್ವಹಸ್ತದಿಂದ ಮಾಡಿಸುವ ಕಾಲೇಜು ಯಾವುದೆಂದು ಮೊದಲೇ ವಿಚಾರಿಸುವುದೂ ಅವಶ್ಯ. ಸೀಸೆಯನ್ನು ಹಿಡಿಯಲು ಬಾರದ ಪದವಿಯಿಂದ ಪ್ರಯೋಜನವು ಅಲ್ಪ.

ಹಣ ಸಾಲದೆಂದೋ, ವಯಸ್ಸಾಯಿತೆಂದೋ, ಮದುವೆಯಾಯಿತೆಂದೋ ಓದನ್ನು ನಿಲ್ಲಿಸಿದ ಸಹೋದರಿಯರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿದ್ದಾರೆ. ಒಡೆಯನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಿಟ್ಟ ಸೇವಕನ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯಲ್ಲಿಯೇ ಕಲಿತೆವು. ಮಗಳಿಗೆ ದೇವರು ಕೊಟ್ಟ ತಲಾಂತು ಪ್ರಯೋಗಶಾಲೆಯ ಕಡೆಗೆ ಅವಳನ್ನು ಕರೆಯುತ್ತಿದ್ದರೆ, ಅದನ್ನು ಹೂಳಬೇಡಿರೆಂದು ತಾಯಿತಂದೆಗಳನ್ನು ವಿನಯದಿಂದ ಬೇಡಿಕೊಳ್ಳುತ್ತೇವೆ.